ಯಂತ್ರದ ಚುರುಟು, ಧಣಿಗಳ ಗಂಟಲು

ಚುರುಟು ಮಾರುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಏನೂ ಇರುವುದಿಲ್ಲ. ಆದರೂ ಅಂಥದ್ದು ನಡೆಯುತ್ತಲೇ ಇರುತ್ತದೆ, ಅದೂ ಎಲ್ಲರೂ ಮುಖ ಬಿಗಿದುಕೊಂಡು ಕೂತಿರುವಾಗಲೇ.

ಎಂಬತ್ತರ ದಶಕದಲ್ಲಿ ನಾನು ನೈರೋಬಿಗೆ ಹೋದದ್ದು ಚರಿತ್ರೆಯ ಮೇಷ್ಟ್ರಾಗಿ. ಕರಾರು ಮುಗಿಯಿತೆಂದು ಶಾಲೆಯವರು ಕೈತೊಳೆದುಕೊಂಡಾಗ, ಕರೆದು ಅನ್ನ ಕೊಟ್ಟವರು ಮಂಗಳೂರು ಕಡೆಯ ಕ್ರೈಸ್ತ ಧಣಿಗಳು. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಅವರದು ಆಮದಿನ ಕಚೇರಿ. ಯಂತ್ರದಲ್ಲಿ ಚುರುಟು ಸುತ್ತುವ ಕಡಲಾಚೆಯ ಒಂದು ಕಂಪನಿಯ ಏಜೆನ್ಸಿ ಅವರ ಕೈಯಲ್ಲಿತ್ತು. ನಾನು ಬೀಡಿಯನ್ನೂ ಮುಟ್ಟಿದವನಲ್ಲ ಎಂದೆ.

"ನೀವು ಸೇದುದು ಬೇಡ ಮಾಷ್ಟ್ರೇ. ಅದರ ಚರಿತ್ರೆ ಹೇಳಿದರೆ ಸಾಕು," ಎಂದರು. ಅವರದು ತುಂಬು ಕಂಠ. ಇಗರ್ಜಿಯಲ್ಲಿ ಅವರು ಹಾಡಲು ನಿಂತರೆ ಮಿಕ್ಕವರು ಬಾಯಿ ಆಡಿಸಿದರೂ ನಡೆಯುತ್ತಿತ್ತು.

೧. ಪಾಠ

ಮೊದಲ ಪಾಠ, ಗಿರಾಕಿಗಳಿಗೆ ನಮ್ಮ ಚುರುಟು ಮಾರಬೇಕಾಗಿದ್ದ ಒಂದು ಹೋಟೆಲಿನ ಬಡಿಸುವವರಿಗೆ. ಕಂಪನಿ ಕಟ್ಟಿದ ಒಬ್ಬ ಅಪ್ಪ, ಅವನ ಮಗ, ಗಲ್ಲಿಯೊಳಗೊಂದು ಪುಟ್ಟ ಅಂಗಡಿ, ಕೈಯಲ್ಲೇ ಚುರುಟು ಸುತ್ತುವ ಗಂಡಸರು. ಆಮೇಲೆ ಯಂತ್ರ ಬಂತು. ಬೆಲೆ ಇಳಿಯಿತು, ಸಾಹುಕಾರನ ಬಾಯಲ್ಲಿದ್ದದ್ದು ಲಾರಿ ಚಾಲಕನ ಬಾಯಿಗೂ ಬಂತು. ಹೇಳುತ್ತ ಹೇಳುತ್ತ ನನಗೇ ರೋಮಾಂಚನವಾಯಿತು.

ಹಿಂದೆ ನಿಂತಿದ್ದ ಹಿರಿಯ ಬಡಿಸುವವ ಕೈ ಎತ್ತಿದ. "ಮ್ವಾಲಿಮು," ಎಂದ, ಅಲ್ಲಿ ಮೇಷ್ಟ್ರನ್ನು ಹಾಗೇ ಕರೆಯುವುದು. "ಯಂತ್ರ ಬಂದ ಮೇಲೆ ಆ ಕೈಯಲ್ಲಿ ಸುತ್ತುವವರೆಲ್ಲ ಎಲ್ಲಿಗೆ ಹೋದರು?"

ಕಂಪನಿಯ ಕೈಪಿಡಿಯಲ್ಲಿ ಅದಿರಲಿಲ್ಲ. ಸಂಜೆ ಧಣಿಗಳಿಗೆ ಹೇಳಿದೆ. ಅವರು ಕೈಪಿಡಿಯನ್ನು ತಿರುವಿ ಹಾಕಿ, "ಅದು ಸಿಲಬಸ್‌ನಲ್ಲಿ ಇಲ್ಲ ಅಂತ ಹೇಳಿ," ಎಂದರು.

೨. ತಾಂಬೂಲ

ನನಗೆ ಮಗಳು ಹುಟ್ಟಿದಳು. ಕಂಪನಿಯ ದೇಶದಲ್ಲಿ ಮಗು ಹುಟ್ಟಿದರೆ ಅಪ್ಪನಾದವನು ಚುರುಟು ಹಂಚುತ್ತಾನಂತೆ. ಧಣಿಗಳು ನಾಮಕರಣಕ್ಕೆ ಒಂದು ಪೆಟ್ಟಿಗೆ ಹೊತ್ತು ತಂದರು.

"ತೊಟ್ಟಿಲ ಹತ್ತಿರ ಹೊಗೆಸೊಪ್ಪಾ? ನಾಚಿಕೆ ಆಗಲ್ವಾ ನಿಮಗೆ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಸಿಡುಕಿದಳು. ಅನ್ನದಾತರು ತಂದದ್ದನ್ನು ಹಿಂದೆ ಕಳಿಸುವುದು ಹೇಗೆ? ಹರಿವಾಣದಲ್ಲಿ ಎಲೆಯಡಿಕೆಯ ಪಕ್ಕಕ್ಕೆ ಇಟ್ಟೆ.

ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜಿಗೆ ಎಲೆಯಡಿಕೆ ಜೊತೆ ಹೊಗೆಸೊಪ್ಪು ಬೇಕು. ನೈರೋಬಿಯಲ್ಲಿ ಅದು ಸಿಗದೆ ಕಳೆಗುಂದಿದ್ದರು. ಹರಿವಾಣ ನೋಡಿ ಅವರ ಕಣ್ಣು ಅರಳಿತು. ಒಂದು ಚುರುಟು ಮುರಿದು, ಸುಣ್ಣ ಸವರಿದ ಎಲೆಯಲ್ಲಿ ಮಡಿಸಿ ಬಾಯಿಗಿಟ್ಟರು. ಸಭೆಯೆಲ್ಲ ಅವರ ದವಡೆಯನ್ನೇ ನೋಡುತ್ತಿತ್ತು. ಕೊನೆಗೆ ಎದ್ದು ಹೋಗಿ ಉಗಿದು ಬಂದು, ನನ್ನ ತಲೆ ಸವರಿ ಹೇಳಿದರು:

"ನಿನ್ನ ಮಗು ನೂರು ವರ್ಷ ಬಾಳಲಿ ಕಣಪ್ಪಾ. ಇದನ್ನ ಮಾತ್ರ ಸುಟ್ಟುಬಿಡು."

೩. ಅತಿಥಿ

ತೊಂಬತ್ತರ ಹೊತ್ತಿಗೆ ಧಣಿಗಳ ಕಂಠ ಒಡೆಯಿತು. ಊಟವಾದ ಮೇಲೆ ಒಂದು, ಮಲಗುವ ಮುಂಚೆ ಒಂದು ಎಂದು ಸೇದಿದವರು ಅವರು. ಗಂಟಲಲ್ಲಿ ಗಂಟು ಕಂಡು ಡಾಕ್ಟರು ಕೊಯ್ದು ತೆಗೆದರು. ಪುಣ್ಯಕ್ಕೆ ಕೆಟ್ಟ ಗಂಟಲ್ಲ. ಮಾತು ನಿಲ್ಲಿಸಿ ಎಂದರು, ನಿಲ್ಲಿಸಿದರು. ಆಮೇಲೆ ಮಾತಾಡಿ ನೋಡಿ ಎಂದರು. ಬರೀ ಗಾಳಿ ಬಂತು. "ಸ್ವರ ಬಂದರೂ ಬರಬಹುದು, ಬರದೆಯೂ ಇರಬಹುದು. ಇನ್ನೊಂದು ಚುರುಟು ಸೇದಿದರೆ ಮಾತ್ರ ನನ್ನ ಹತ್ತಿರ ಬರಬೇಡಿ," ಎಂದರು ಡಾಕ್ಟರು. ಧಣಿಗಳ ಹೆಂಡತಿ ಇಗರ್ಜಿಯಲ್ಲಿ ಮೊಣಕಾಲೂರಿ ಅತ್ತದ್ದನ್ನು ನಾನು ಕಂಡಿದ್ದೇನೆ.

ಅದೇ ಹೊತ್ತಿಗೆ ಏಜೆನ್ಸಿ ನವೀಕರಿಸಲು ಕಂಪನಿಯಿಂದ ಒಬ್ಬ ಹಿರಿಯ ಬಂದ. ಎಲ್ಲ ಮುಗಿದ ಮೇಲೆ ಇಬ್ಬರೂ ಒಂದೊಂದು ಚುರುಟು ಹಚ್ಚಿ, ಆಮೇಲೆ ಸಹಿ ಹಾಕುವುದು ಕಂಪನಿಯ ಸಂಪ್ರದಾಯ.

ಲ್ಯಾವಿಂಗ್ಟನ್ ಬಡಾವಣೆಯಲ್ಲಿದ್ದ ಧಣಿಗಳ ಮನೆಯಲ್ಲಿ ಊಟ. ಅತಿಥಿ ಬಲು ಮರ್ಯಾದಸ್ಥ. ನಾನು ಚಪ್ಪಲಿ ಬಿಟ್ಟರೆ ಅವನೂ ಬೂಟು ಬಿಚ್ಚಿದ. ನಾವು ಕೈಯಲ್ಲಿ ಉಂಡರೆ ಅವನೂ ಮೀನುಸಾರಿಗೆ ಕೈ ಹಾಕಿದ. ಊಟವಾದ ಮೇಲೆ ಹೊಸ ಬಗೆಯ ಚುರುಟು ತೆಗೆದು ಧಣಿಗಳ ಮುಂದೆ ಹಿಡಿದ.

ಧಣಿಗಳ ಕೈ ಮುಂದಕ್ಕೆ ಹೋಯಿತು. ಬಾಗಿಲಲ್ಲಿ ಅವರ ಹೆಂಡತಿ ಕೊರಳ ಜಪಸರವನ್ನು ಬಿಗಿಯಾಗಿ ಹಿಡಿದುಕೊಂಡರು.

"ನಮ್ಮಲ್ಲಿ ಧಣಿಗಳ ಪರವಾಗಿ ಮೇಷ್ಟ್ರು ಸೇದುವುದು ಪದ್ಧತಿ," ಎಂದು ಇಂಗ್ಲಿಷಿನಲ್ಲಿ ಬೊಗಳೆ ಬಿಟ್ಟು ಚುರುಟು ಕಿತ್ತುಕೊಂಡೆ. ಬಾಯಿಗಿಟ್ಟು ಕಡ್ಡಿ ಗೀರಿದೆ.

ಅದು ಹತ್ತಿಕೊಳ್ಳಲಿಲ್ಲ, ಕರಗಿತು. ಬಾಯಿಗಿಡುವ ತುದಿಗೆ ಎಲೆಯ ಬಣ್ಣದ್ದೇ ಪ್ಲಾಸ್ಟಿಕ್ ಹಾಕಿದ್ದರು. ನಾನು ಬೆಂಕಿ ಇಟ್ಟದ್ದು ಅದಕ್ಕೇ. ಮೇಜಿನ ಮೇಲಿನ ಕಸೂತಿ ಬಟ್ಟೆಗೆ ತೊಟ್ಟು ತೊಟ್ಟಾಗಿ ಬಿತ್ತು. ಸುಟ್ಟ ಬಕೆಟ್ಟಿನ ವಾಸನೆ. ಏಜೆನ್ಸಿ ಹೋಯಿತು, ಆ ದೇಶದಲ್ಲಿ ಕೆಲಸ ಮಾಡುವ ನನ್ನ ಪರ್ಮಿಟ್ಟೂ ಹೋಯಿತು ಎಂದು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಅತಿಥಿ ನನ್ನನ್ನೇ ಗಮನವಿಟ್ಟು ನೋಡುತ್ತಿದ್ದ. ಆಮೇಲೆ ತನ್ನ ಚುರುಟನ್ನು ನಿಧಾನವಾಗಿ ತಿರುಗಿಸಿ, ಎಲೆಯ ತುದಿ ಬಾಯಿಗಿಟ್ಟು, ಬಲು ಗಂಭೀರವಾಗಿ ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚಿದ.

ಧಣಿಗಳ ಭುಜ ಅಲುಗತೊಡಗಿತು. ಮೊದಲು ಗಾಳಿ ಬಂತು. ಆಮೇಲೆ ತುಕ್ಕು ಹಿಡಿದ ಗೇಟು ತೆರೆದ ಹಾಗೆ ಕರ್ ಎಂದಿತು. ಆಮೇಲೆ ನಗು, ಗೋಡೆಗೆ ಬಡಿಯುವಂಥ ದೊಡ್ಡ ನಗು.

"ಯೇಸುವೇ! ಮಾಷ್ಟ್ರೇ, ಕೇಳಿತಾ? ಸ್ವರ ಉಂಟು! ಇವರಿಗೆ ಸ್ವರ ಉಂಟು!" ಎಂದು ಆ ತಾಯಿ ಅಳುತ್ತ ಶಿಲುಬೆಯ ಗುರುತು ಹಾಕಿಕೊಂಡರು.

ಅತಿಥಿಗೆ ಕನ್ನಡ ಬಾರದು. ಶಾಸ್ತ್ರ ಸಾಂಗವಾಗಿ ಮುಗಿಯಿತೆಂದುಕೊಂಡು ಅವನೂ ಶಿಲುಬೆಯ ಗುರುತು ಹಾಕಿಕೊಂಡು, ಕೆಮ್ಮುತ್ತಲೇ ಸಹಿ ಹಾಕಿದ.