ಬೀಗರು ಮಾಡಿಸಿದ ಮರುಭರ್ತಿ

ನಮ್ಮ ಬೀಗರು ಸತ್ತವರ ಹಾಜರಿ ತೆಗೆದುಕೊಳ್ಳುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ, ನಂಬಬೇಡಿ! ಅಳಿಯನ ತಂದೆ ಅವರು, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಈಗ ನನ್ನ ಹಾಗೆಯೇ ಒಮಾನ್ ದೇಶದ ರುಸ್ತಾಕ್‌ನಲ್ಲಿ ಮಕ್ಕಳ ಮನೆಯಲ್ಲಿದ್ದಾರೆ. ದಿನಾ ಬೆಳಿಗ್ಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮ್ಮ ತುಕಡಿಯವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಗಡಿಯಲ್ಲಿ ಹಿಮ ಕುಸಿದು ಅವರಲ್ಲಿ ಒಬ್ಬರೂ ಉಳಿದಿಲ್ಲ. ಆದರೂ ಉತ್ತರ ಬರುವಷ್ಟು ಹೊತ್ತು ಕಾಯುತ್ತಾರೆ! ಕಡೆಗೆ ತಮ್ಮ ಹೆಸರು ಕೂಗಿ ತಾವೇ "ಹಾಜರ್" ಎನ್ನುತ್ತಾರೆ.

ಅವಧಿ ಮುಗಿದ ಜವಾನ ಮತ್ತೆ ಭರ್ತಿಯಾಗುವಾಗ ಅಧಿಕಾರಿ ಹೇಗೆ ಪ್ರಮಾಣ ಮಾಡಿಸಬೇಕು ಎಂಬುದೂ ಅವರಿಗೆ ಬಾಯಿಪಾಠ. ಇಲ್ಲಿ ಜವಾನರು ಎಲ್ಲಿ ಸಿಗಬೇಕು? ನನ್ನ ವೀಸಾ ಮುಂದುವರಿದಾಗ ನನಗೇ ಮಾಡಿಸಿದರು! ಲಟ್ಟಣಿಗೆ ಹಿಡಿದ ಕೈಯನ್ನೇ ಎತ್ತಿ ನಿಂತೆ.

"ಯಾರೂ ಒತ್ತಾಯ ಮಾಡಿಲ್ಲಲ್ರಿ, ಬೀಗತ್ಯಾರ?"

"ನೀವ ಮಾಡಾಕತ್ತೀರಲ್ರಿ!"

"ಸ್ವಂತ ಇಚ್ಛೆ" ಎಂದು ಬರೆದುಕೊಂಡರು.

ಕಳೆದ ತಿಂಗಳು ಅಳಿಯನ ಕೆಲಸದ ಕರಾರು ಇನ್ನೆರಡು ವರ್ಷಕ್ಕೆ ಮುಂದುವರಿಯಿತು. ಮನೆಯಲ್ಲಿ ಖುಷಿಯೇ ಇರಲಿಲ್ಲ. ಮೊಮ್ಮಗಳಿಗೆ ನಾಲ್ಕು ತುಂಬುತ್ತ ಬಂದರೂ ಒಂದು ಮಾತೂ ಹೊರಟಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯಿರಿ ಎನ್ನುತ್ತಿದ್ದರು ಡಾಕ್ಟರು. ಎಷ್ಟು ಕಾಯುವುದು? ಮಗಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಮುಂದಿನದನ್ನು ಈಗಲೇ ಹೇಳಿಬಿಡಲೇ? ಇಲ್ಲ, ಸಾಲಾಗಿ ಹೇಳುತ್ತೇನೆ!

ಆದರೂ ಅಳಿಯನಿಗೂ ಪ್ರಮಾಣ ಮಾಡಿಸಲೇಬೇಕೆಂದು ಬೀಗರು ಹಟ ಹಿಡಿದರು. ಭರ್ತಿಯಾಗುವವನೇ ಜಾಗ ಆರಿಸಬೇಕೆಂಬುದು ಅವರ ನಿಯಮ. ಆಫೀಸಿನವರು ಕಂಡಾರೆಂದು ಹೆದರಿದ ಅಳಿಯ, ಊರಾಚೆ ಜನ ಬಿಟ್ಟುಹೋದ ಮಣ್ಣಿನ ಮನೆಗಳ ಹಳೆಯ ಕೇರಿಯನ್ನು ಹೇಳಿದ. ಶುಕ್ರವಾರ ಸಂಜೆ ಎಲ್ಲರೂ ಹೋದೆವು. ಅಬ್ಬಾ, ಆ ಜಾಗವೇ! ಛಾವಣಿಗಳಿಲ್ಲ, ಬಾಗಿಲುಗಳು ಮಾತ್ರ ಇವೆ. ಗಾಳಿ ಇಲ್ಲದೆಯೂ ಒಂದು ಬಾಗಿಲು ಕಿರ್ರೆಂದಿತು. ಒಳಗಿನಿಂದ ಯಾರೋ ನಮ್ಮನ್ನು ಎಣಿಸುತ್ತಿದ್ದ ಹಾಗೆ!

"ಯಲ್ಲಾ ಅಪ್ಪಾ, ಲಗೂನ ಮುಗಸು," ಎಂದು ಇಲ್ಲಿಯ ಅರಬರ ಹಾಗೆ ಅವಸರಪಡಿಸಿದ ಅಳಿಯ, ಬಲಗೈ ಎತ್ತಿಕೊಂಡು.

"ಸಾಕ್ಷಿ ಬರೂತನಕಾ ನೆಟ್ಟಗ ನಿಂದ್ರು!"

ಸಾಕ್ಷಿ ಎಂದರೆ ಆ ತುಕಡಿಯವರೇ. ಬೀಗರು ಮೊದಲ ಹೆಸರು ಕೂಗಿ ಕಾದರು. ಎರಡನೆಯದು ಕೂಗಿ ಕಾದರು. ಮೂರನೆಯ ಹೆಸರಿಗೆ, ಹಾಳು ಮನೆಯೊಳಗಿನಿಂದ ಸಣ್ಣ ದನಿಯೊಂದು ಬಂತು.

"ಹಾಜರ್!"

ಅಳಿಯನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಬೀಗರ ಮುಖ ಸುಣ್ಣದಂತಾಯಿತು. ಆದರೂ ನಾಲ್ಕನೆಯ ಹೆಸರು ಕೂಗಿದರು.

"ಹಾಜರ್!"

ಮಗಳು ತನ್ನ ಕೈ ನೋಡಿಕೊಂಡಳು. ಹಿಡಿದಿದ್ದ ಪುಟ್ಟ ಕೈ ಅದರಲ್ಲಿರಲಿಲ್ಲ. ಬಾಗಿಲ ಕತ್ತಲೆಯಲ್ಲಿ ಮೊಮ್ಮಗಳು ಎದೆ ಸೆಟೆಸಿ ನಿಂತಿದ್ದಳು.

ಬೀಗರು ಹೆಸರುಗಳನ್ನೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಕೂಗಿದರು, ಮತ್ತೊಮ್ಮೆ ಕೂಗಿದರು, ಮೀಸೆ ಒದ್ದೆಯಾಗುವ ತನಕ. ಪ್ರತಿ ಹೆಸರಿಗೂ ಅವಳ "ಹಾಜರ್!" ಪ್ರಮಾಣ ಯಾರಿಗೆ ನೆನಪಿದೆ? ಆಮೇಲೆ ಅವಳ ಹೆಸರು ಕೂಗಿದರು, ಮಗಳದು ಕೂಗಿದರು. ಕಡೆಗೆ ನನ್ನದು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಮೊಮ್ಮಗಳು ಓಡಿ ಬಂದಳು, ನನ್ನ ಸೆರಗು ಜಗ್ಗಿದಳು, ಮುಖ ನೋಡಿದಳು. ಇನ್ನು ಕಾದು ಪ್ರಯೋಜನವಿಲ್ಲ ಎಂದುಕೊಂಡು ನನ್ನ ಪರವಾಗಿ ತಾನೇ ಕೂಗಿದಳು:

"ಅಜ್ಜಿ ಹಾಜರ್!"