ಅಳಿಯನಿಗೊಂದು ಚಿಲಕದ ಕೋಣೆ

ಮದುವೆಯಾಗಿ ಹನ್ನೆರಡು ವರ್ಷವಾದರೂ ಬಾತುಸಂಕರ್ ಊರಿನ ಅತ್ತೆಮನೆಯಲ್ಲಿ ಮಸ್ರಿಲ್‌ಗೆ ತನ್ನದು ಎನ್ನಲು ಅಂಗಿ ನೇತುಹಾಕುವ ಒಂದು ಮೊಳೆಯೂ ಇರಲಿಲ್ಲ. ಮೊಳೆಯೇನೋ ಇತ್ತು, ಅದರಲ್ಲಿ ಅತ್ತೆಯ ಕೊಡೆ ತೂಗುತ್ತಿತ್ತು. (ಮಳೆಯಿರಲಿ ಬಿಸಿಲಿರಲಿ, ಕೊಡೆಯದೇ ಹಕ್ಕು.) ಇದು ಅವಮಾನವೇನಲ್ಲ. ಮಿನಾಂಗ್ ಸೀಮೆಯಲ್ಲಿ ನೆಲವೂ ಮನೆಯೂ ಅಮ್ಮನಿಂದ ಮಗಳಿಗೆ ಇಳಿಯುವಂಥವು; ಗಂಡಸು ಬಂದು ಸೇರಿಕೊಳ್ಳುವವನು. ಬಂದವನಿಗೆ ಮರ್ಯಾದೆಗೆ ಕೊರತೆಯಿಲ್ಲ. ಅತ್ತೆ ರೊಸ್ಮಾನಿಯಾರ್ ಅವನ ಹೆಸರು ಹಿಡಿದು ಕರೆದವಳೇ ಅಲ್ಲ. ಮದುವೆಯ ದಿನ ಬಂದ ಬಿರುದಿನಿಂದ ‘ಸುತಾನ್’ ಎನ್ನುತ್ತಿದ್ದಳು, ಅಂದರೆ ದೊರೆ. ಚಾಪೆಯ ಮೇಲ್ಗಡೆಯ ಜಾಗ ದೊರೆಗೆ, ಮೊದಲ ಲೋಟ ಕಾಫಿ ದೊರೆಗೆ. ಒಂದು ಕೋಣೆ ಬಿಟ್ಟು ಉಳಿದೆಲ್ಲ ರಾಜೋಪಚಾರವೂ ಉಂಟು.

ಹಳೆಯ ಮನೆಯ ಪಕ್ಕದಲ್ಲಿ ಹೊಸದು ಕಟ್ಟುವುದೆಂದಾದಾಗ ಮಸ್ರಿಲ್‌ಗೆ ಒಂದು ಉಪಾಯ ಹೊಳೆಯಿತು. ಊರ ಮೇಸ್ತ್ರಿ ಅತ್ತೆಯ ಮಾತು ಕೇಳುತ್ತಾನೆ. ಹೊರಗಿನ ಆರ್ಕಿಟೆಕ್ಟ್ ಆದರೆ ಸಂಬಳ ತರುವ ಗಂಡಸಿನ ಮಾತು ಕೇಳಬೇಕು. ಜಾವಾದಿಂದ ಬಂದು ಪಡಾಂಗ್‌ನಲ್ಲಿ ಕಚೇರಿ ತೆರೆದಿದ್ದ ದೇವಂತಿ ಎಂಬ ಯುವತಿಯನ್ನು ತಾನೇ ಹೋಗಿ ಕರೆತಂದ. ಅವನಿಗೆ ಬೇಕಾದದ್ದು ಒಂದೇ ಕೋಣೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದು. ಶಾಲೆಯ ಉತ್ತರಪತ್ರಿಕೆ ತಿದ್ದಲಿಕ್ಕೆ, ತಿದ್ದುತ್ತಲೇ ನಿದ್ದೆ ಹೋಗಲಿಕ್ಕೆ.

“ಮನೆ ಯಾರದು?” ದೇವಂತಿ ಪೆನ್ಸಿಲ್ ಹಿಡಿದು ಕೇಳಿದಳು.

“ನಂದು,” ಎಂದ ಮಸ್ರಿಲ್.

“ಅಮ್ಮಂದು,” ಎಂದಳು ಹೆಂಡತಿ ನೆಲಿ.

“ನಮ್ಮವ್ವಂದು,” ಎಂದಳು ಅತ್ತೆ.

“ಅವರನ್ನ ಸ್ವಲ್ಪ ಮಾತಾಡಿಸಬಹುದಾ?”

“ಹಿತ್ತಲಲ್ಲಿದಾರೆ. ಮಣ್ಣು ಮಾಡಿ ಬಹಳ ಕಾಲವಾಯ್ತು.”

ದೇವಂತಿ ಪೆನ್ಸಿಲ್ ಕೆಳಗಿಟ್ಟು ಕಾಫಿ ಕುಡಿದಳು.

ಮೊದಲ ನಕ್ಷೆಯಲ್ಲಿ ಮಸ್ರಿಲ್‌ನ ಕೋಣೆ ಮುಂಬದಿಗಿತ್ತು, ಗಾಳಿಗೆರಡು ಕಿಟಕಿ. ಮುಂದಿನ ನಕ್ಷೆಯಲ್ಲಿ ಅದು ಅವನ ಕಿರಿಮಗಳ ಪಾಲಾಗಿತ್ತು. “ನಾಳೆ ಅವಳ ಗಂಡ ಬಂದರೆ ಎಲ್ಲಿ ಮಲಗಬೇಕು ಸುತಾನ್?” ಎಂದಳು ಅತ್ತೆ. (ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.) ಅವನ ಕೋಣೆ ಮೆಟ್ಟಿಲ ಕೆಳಗೆ ಸೇರಿತು. ಆಮೇಲಿನ ನಕ್ಷೆಯಲ್ಲಿ ಮೆಟ್ಟಿಲ ಕೆಳಗೆ ಅಕ್ಕಿಮೂಟೆಗಳಿದ್ದವು.

ಮಸ್ರಿಲ್ ದೇವಂತಿಗೆ ಫೋನ್ ಮಾಡಿದ.

“ನಂಗೂ ಅರ್ಥವಾಗ್ತಿಲ್ಲ ಸರ್,” ಎಂದಳು ಅವಳು. “ನಿಮ್ಮ ಕೋಣೆ ವಿಷಯ ಎತ್ತಿದ್ರೆ ಸಾಕು, ಎಲ್ಲರೂ ನಕ್ಕು ಇನ್ನೊಂದು ಲೋಟ ಕಾಫಿ ಕೊಡ್ತಾರೆ. ನಿಮ್ಮ ಮನೆ ಕೆಲಸ ಹಿಡಿದಾಗಿನಿಂದ ನಂಗೆ ನಿದ್ದೆಯಿಲ್ಲ.”

ಅವನು ತನ್ನ ಅಮ್ಮನ ಮನೆಗೆ ಹೋಗಿ ನೋಡಿದ. ಅಲ್ಲಿ ಅಕ್ಕ ಬಾಗಿಲಲ್ಲೇ ಹೇಳಿದಳು: “ಇಲ್ಲಿರೋ ಕೋಣೆಯೆಲ್ಲ ನನ್ನ ಹೆಣ್ಣುಮಕ್ಕಳಿಗಾಯ್ತು. ನಿಂಗೇನು ಹೆಂಡ್ತಿ ಮನೆಯಿಲ್ವಾ?” ತವರಿಗೂ ಸಲ್ಲದೆ ಸೇರಿದ ಮನೆಗೂ ಸಲ್ಲದೆ ಮಸ್ರಿಲ್ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಕಡಲೆಕಾಯಿ ತಿಂದ. ಜಗತ್ತಿನಲ್ಲಿ ಇಷ್ಟೊಂದು ಗೋಡೆಗಳಿದ್ದು ನಾಲ್ಕು ಗೋಡೆ ಒಬ್ಬನಿಗೆ ಸಿಗದಿರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ನೆಲಿ ಮೀನು ಹಸನು ಮಾಡುತ್ತಿದ್ದಳು.

“ಯಾಕೆ ಉದಾ, ಮುಖ ಹಿಂಗಾಗಿದೆ?” (ಗಂಡನನ್ನು ಅಲ್ಲಿ ಕರೆಯುವುದು ಹಾಗೆ.)

“ನಂಗೊಂದು ಕೋಣೆ ಕೊಡೋಕೆ ಏನು ಕಷ್ಟ ನಿಮಗೆ?”

“ನೀವು ಈ ಮನೆಗೆ ನೆಂಟರಲ್ವಾ. ನೆಂಟರಿಗೆ ಕೋಣೆ ಯಾಕೆ, ಲೋಟ ಸಾಕು. ಇಷ್ಟು ವರ್ಷದಲ್ಲಿ ಆ ಲೋಟಾನಾದ್ರೂ ಒಂದ್ಸಲ ತೊಳೆದಿದೀರಾ?”

“ತೊಳೆಯೋಕೆ ನೀವು ಬಿಟ್ಟಿದ್ರೆ ತಾನೇ?”

“ಬಿಡಿ ಅಂತ ಕೇಳಿದ್ರೆ ತಾನೇ?” ನೆಲಿ ಮೀನಿನ ತಲೆ ಕತ್ತರಿಸಿದಳು.

ದೇವಂತಿ ಕೊನೆಯ ನಕ್ಷೆ ತಂದ ದಿನ ಮಸ್ರಿಲ್ ಎದ್ದು ನಿಂತ. “ನಾನು ನೆಂಟನಲ್ಲ. ಈ ಮನೆಯವನು.”

ಅತ್ತೆ ಅಡಿಕೆಕತ್ತರಿ ಕೆಳಗಿಟ್ಟಳು. “ಇನ್ನೊಂದ್ಸಲ ಹೇಳಿ ಸುತಾನ್.”

“ಈ ಮನೆಯವನು.”

“ನೀವೂ ಕೇಳಿಸಿಕೊಂಡ್ರಲ್ಲ ದೇವಂತಿ?”

“ಕೇಳಿದೆ.”

“ಹಾಗಾದ್ರೆ ಬರೀರಿ. ಕೋಣೆ, ಚಿಲಕ, ಎಲ್ಲಾನೂ. ಅಡುಗೆಮನೆ ಪಕ್ಕಕ್ಕಿರಲಿ.”

ಇಷ್ಟು ಸುಲಭಕ್ಕೆ ಆಗುವುದಿದ್ದರೆ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೇಕೆ ಎಂದು ಮಸ್ರಿಲ್ ತನ್ನನ್ನೇ ಬೈದುಕೊಂಡ. ನೆಲಿ ಯಾಕೆ ಸೆರಗಿನ ಹಿಂದೆ ನಗುತ್ತಿದ್ದಾಳೆಂಬುದು ಮಾತ್ರ ಹೊಳೆಯಲಿಲ್ಲ.

ಹೊಸ ಮನೆ ಹೊಕ್ಕ ದಿನ ಅವನು ನೇರ ತನ್ನ ಕೋಣೆಗೆ ಹೋಗಿ, ಚಿಲಕ ಹಾಕಿ, ಒಮ್ಮೆ ತೆಗೆದು, ಮತ್ತೆ ಹಾಕಿ, ಕಾಲು ಚಾಚಿ ಮಲಗಿದ. ಬೆನ್ನು ಹಾಸಿಗೆಗೆ ತಾಗುವಷ್ಟರಲ್ಲಿ ಯಾರೋ ಬಾಗಿಲನ್ನು ದಡದಡ ಬಡಿದರು.

“ಮಸ್ರಿಲ್.”

ಆ ಹೆಸರಿನವರು ಇನ್ಯಾರೋ ಬಂದಿರಬೇಕೆಂದು ಅವನು ಸುಮ್ಮನಿದ್ದ.

“ಏಳೋ ಮಸ್ರಿಲ್, ತೆಂಗಿನಕಾಯಿ ತುರೀಬೇಕು,” ಅತ್ತೆಯ ಧ್ವನಿ.

ಅವನು ಬಾಗಿಲು ತೆರೆದ. “ಅಮಾಕ್, ನಾನು… ಸುತಾನ್ ಅಲ್ವಾ?”

“ಸುತಾನ್ ನೆಂಟರು ಕಣೋ, ಅವರನ್ನ ಕಳಿಸಿಕೊಟ್ಟಾಯ್ತು. ಮನೆಯವನಿಗೆ ಬಿರುದು ಯಾಕೆ? ಬಾ, ಊರೆಲ್ಲ ಊಟಕ್ಕೆ ಬರ್ತಿದೆ.”

ಕಾಯಿ ತುರಿದದ್ದಾಯಿತು, ಹಾಲು ಹಿಂಡಿದ್ದಾಯಿತು. ರೆಂದಾಂಗ್‌ನ ದೊಡ್ಡ ಬಾಣಲೆ ಒಲೆಗೇರಿತು. ಮಾಂಸ ಹಾಲನ್ನೆಲ್ಲ ಕುಡಿದು ಕಪ್ಪಾಗುವ ತನಕ ಕೈ ಬಿಡದೆ ತಿರುವುತ್ತಿರಬೇಕು. ಬಿಟ್ಟರೆ ತಳ ಹಿಡಿಯುತ್ತದೆ. ಇಲ್ಲಿಯವರೆಗೆ ರೆಂದಾಂಗ್ ಎಂದರೆ ತಟ್ಟೆಯಲ್ಲಿ ಹುಟ್ಟುವ ಪದಾರ್ಥವೆಂದು ಮಸ್ರಿಲ್ ತಿಳಿದಿದ್ದ. ನಡುವೆ ಚಾಪೆಯವರಿಗೆ ಕಾಫಿ ಒಯ್ದ. ಮೇಲ್ಗಡೆಯ ಜಾಗದಲ್ಲಿ ಪಕ್ಕದ ಮನೆಯ ಅಳಿಯ ಕುಳಿತಿದ್ದ, ಲೋಟವನ್ನು ಮುಖ ನೋಡದೆಯೇ ತೆಗೆದುಕೊಂಡ.

ಹೊಗೆಗೆ ಕಣ್ಣು ಉರಿದು, ಸ್ವಲ್ಪ ಹೊತ್ತು ನೆಲಿ ತಿರುವಲಿ ಎಂದು ಅವಳನ್ನು ಹುಡುಕಿದ. ಎಲ್ಲೂ ಇರಲಿಲ್ಲ. ಮುಖ ಒರೆಸಿಕೊಳ್ಳಲು ತನ್ನ ಕೋಣೆಗೆ ಹೋದರೆ ಬಾಗಿಲು ಒಳಗಿನಿಂದ ಹಾಕಿತ್ತು.

“ಯಾರು?” ನೆಲಿಯ ನಿದ್ದೆಗಣ್ಣಿನ ಧ್ವನಿ.

“ನಾನು. ಇದು ನನ್ನ ಕೋಣೆ.”

“ರೆಂದಾಂಗ್ ಆಯ್ತಾ?”

“ಇನ್ನೂ ನೀರಿದೆ.”

“ಮತ್ತೆ ಇಲ್ಯಾಕೆ ನಿಂತಿದೀರಿ?” ಮಗ್ಗುಲು ಬದಲಿಸಿದ ಸದ್ದು ಕೇಳಿತು.

ಊಟಕ್ಕೆ ಬಂದಿದ್ದ ದೇವಂತಿ ತಾನು ಕಟ್ಟಿಸಿದ್ದನ್ನು ನೋಡಲೆಂದು ಅದೇ ಹೊತ್ತಿಗೆ ಹಿಂದುಗಡೆ ಬಂದಳು. “ಸರ್, ಕೋಣೆ ಹೇಗಿದೆ?”

“ಚಿಲಕ ಗಟ್ಟಿಯಾಗಿದೆ,” ಎಂದು ಮಸ್ರಿಲ್ ಸೌಟು ಹಿಡಿದು ಒಲೆಯ ಕಡೆ ಓಡಿದ.