ಕಥೆಯಿಲ್ಲದ ಸಿನಿಮಾ ಹೇಳಿದ ಅತ್ತೆ

ನಮ್ಮ ಅತ್ತೆ ಒಂದು ಸಿನಿಮಾ ನೋಡಿ ಬಂದರೆಂದರೆ ಚಿತ್ರಮಂದಿರಕ್ಕೆ ಐದು ಮನೆಯ ಗಿರಾಕಿಗಳು ಖೋತಾ! ಅವರ ಬಾಯಲ್ಲಿ ಕಥೆ ಕೇಳಿದ ಮೇಲೆ ನಮ್ಮ ರಾಜಾಜಿನಗರದ ವಠಾರದಲ್ಲಿ ಯಾರಿಗೂ ಆ ಸಿನಿಮಾ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಇದು ಎಂಬತ್ತರ ದಶಕದ ಮಾತು. ನಾನು ಆಗಷ್ಟೇ ಮದುವೆಯಾಗಿ ಬಂದಿದ್ದೆ. ಎರಡೂವರೆ ಗಂಟೆಯ ಸಿನಿಮಾವನ್ನು ಅತ್ತೆ ಮೂರೂವರೆ ಗಂಟೆ ಹೇಳುತ್ತಿದ್ದರು. ನಾಯಕಿಯನ್ನು ಬೆಟ್ಟದ ತುದಿಯಲ್ಲಿ ನೇತುಹಾಕಿ, "ಇಂಟರ್‌ವೆಲ್" ಎಂದು ಎದ್ದು, ಒಳಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಅಲ್ಲಿಯವರೆಗೆ ಅವಳು ಪಾಪ, ನೇತಾಡುತ್ತಲೇ ಇರಬೇಕು!

ಕಥೆಯನ್ನು ಅಷ್ಟಿಷ್ಟು ತಿದ್ದುವುದೂ ಉಂಟು. ಒಮ್ಮೆ ಕೊನೆಯಲ್ಲಿ ಸತ್ತ ನಾಯಕನನ್ನು ಬದುಕಿಸಿಯೇಬಿಟ್ಟರು. ಯಾಕೆ ಎಂದು ಕೇಳಿದ್ದಕ್ಕೆ, "ಎದುರು ಮನೆ ಬಸುರಿ ಕೇಳ್ತಾ ಕೂತಿದ್ಳು ಕಣೇ. ಅವಳ ಮುಂದೆ ಹೇಗೆ ಸಾಯಿಸ್ಲಿ?" ಎಂದರು.

ಇಂಥ ಅತ್ತೆಗೂ ಒಂದು ಕಂಟಕ ಬಂತು. ನನ್ನ ಗಂಡ ಒಂದು ಫಿಲಂ ಸೊಸೈಟಿಯ ಸದಸ್ಯರು. ಒಂದು ಭಾನುವಾರ ಫ್ಯಾಕ್ಟರಿಯಲ್ಲಿ ಡ್ಯೂಟಿ ಬಿದ್ದು, ಬೆಳಗಿನ ಆಟದ ಪಾಸನ್ನು ನಮಗೆ ಕೊಟ್ಟರು. "ಪ್ರಯೋಗಾತ್ಮಕ ಸಿನಿಮಾ ಅಮ್ಮ. ಮಾಟಗಾತಿ ಬಗ್ಗೆ" ಎಂದರು. ಮೊದಲಿನ ಮಾತು ಅತ್ತೆಯ ಕಿವಿಗೆ ಬೀಳಲೇ ಇಲ್ಲ. ಐದೂ ಮನೆಗೆ ಸುದ್ದಿ ಮುಟ್ಟಿಸಿ, "ಮಧ್ಯಾಹ್ನ ಅವರೆಕಾಯಿ ತಗೊಂಡು ಬನ್ನಿ, ಸುಲೀತಾ ಕೇಳೋರಂತೆ" ಎಂದು ಹೇಳಿಯೇ ಅವರು ಬಸ್ಸು ಹತ್ತಿದ್ದು.

ಪರದೆಯ ಮೇಲೆ ನೀರು. ನೀರಿನಲ್ಲಿ ಹೆಂಗಸಿನ ಕೂದಲು. ಐದು ನಿಮಿಷ ಅದೇ! ಮಾತಿಲ್ಲ, ಹಾಡಿಲ್ಲ. ಆಮೇಲೆ ಒಣಮರದ ಮೇಲೊಂದು ಕೆಂಪು ಬಟ್ಟೆ, ಕಪ್ಪು ಮೇಕೆ, ದಾಳಿಂಬೆ ಹಿಸುಕುವ ಕೈ. ಅತ್ತೆ ಪಕ್ಕದ ಗಡ್ಡಧಾರಿಯನ್ನು ಕೇಳಿದರು: "ಕಥೆ ಯಾವಾಗ ಶುರುವಾಗತ್ತೆ ಸಾರ್?"

"ಕಥೆ ಮುಖ್ಯ ಅಲ್ಲಮ್ಮ. ದೃಶ್ಯಗಳನ್ನ ಸುಮ್ನೆ ಅನುಭವಿಸಿ."

ಅತ್ತೆ ನನ್ನ ಕಡೆ ಬಾಗಿ, "ಪಾಪ, ಇವರಿಗೂ ಅರ್ಥ ಆಗಿಲ್ಲ" ಎಂದರು. ಅಷ್ಟರಲ್ಲಿ ನನಗೆ ನಿದ್ದೆ ಬಂತು. ಎಚ್ಚರವಾದಾಗ ಕೂದಲು ಮತ್ತೆ ನೀರಿಗೆ ಬಂದಿತ್ತು.

ವಾಪಸು ಬಸ್ಸಿನಲ್ಲಿ ಅತ್ತೆಗೆ ಒಂದೇ ಚಿಂತೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ ಇನ್ನೊಂದು ಗಂಟೆಯಲ್ಲಿ ಅಂಗಳದ ಪಾಲಾಗುವುದಿತ್ತು. "ನೀವೇ ಒಂದು ಕಥೆ ಕಟ್ಬಿಡಿ ಅತ್ತೆ" ಎಂದೆ.

"ಇರೋ ಕಥೆ ತಿದ್ದೋದು ಬೇರೆ ಕಣೇ. ಇಲ್ದಿರೋದನ್ನ ಇದೆ ಅಂದ್ರೆ ಸುಳ್ಳಾಗತ್ತೆ."

ಈ ಎರಡರ ನಡುವಿನ ಗೆರೆ ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಂಗಳದಲ್ಲಿ ಮೊರಗಳ ಸಮೇತ ಎಲ್ಲರೂ ಕಾದಿದ್ದರು. ಮಾಟವೆಂದರೆ ಯಾರಿಗೆ ಕುತೂಹಲವಿಲ್ಲ? ಅತ್ತೆ ನೀರು, ಕೂದಲು ಎಂದು ಶುರು ಮಾಡುವಷ್ಟರಲ್ಲಿ ಪ್ರಶ್ನೆಗಳು ಬಂದವು.

"ಮಾಟ ಯಾರಿಗೆ ಮಾಡಿದ್ಳು?"

"ಅದು ತೋರಿಸ್ಲಿಲ್ಲ."

"ಕೊನೇಲಿ ಸತ್ತಳಾ?"

"ಅದೂ ಗೊತ್ತಾಗ್ಲಿಲ್ಲ."

ಒಬ್ಬೊಬ್ಬರಾಗಿ ಮೊರ ಎತ್ತಿಕೊಂಡು ಎದ್ದರು. ಅತ್ತೆಯ ಮುಖ ಸಣ್ಣದಾಯಿತು. ನನಗೆ ನಿಜವಾಗಿಯೂ ಸಂಕಟವಾಯಿತು.

ಗೋಡೆಗೊರಗಿ ಕೂತಿದ್ದ ವಠಾರದ ಓನರ್ ತಾಯಿ ಮಾತ್ರ ಏಳಲಿಲ್ಲ. ಹೆಗ್ಗನಹಳ್ಳಿ ಕಡೆಯ ಹೊಲಗಳಲ್ಲಿ ದುಡಿದು ಹಣ್ಣಾದ ಅಜ್ಜಿ. ಕೆಲವು ವರ್ಷಗಳಿಂದ ಎರಡೂ ಕಣ್ಣು ಕಾಣುತ್ತಿರಲಿಲ್ಲ.

"ಆ ನೀರು ಯಾವ ಬಣ್ಣ ಇತ್ತವ್ವ?" ಎಂದರು.

ಅತ್ತೆ ತಲೆಯೆತ್ತಿದರು. "ತಿಳಿ ಹಸಿರು ಅಜ್ಜಿ. ರಾಗಿ ಪೈರು ಈಗಷ್ಟೇ ಎದ್ದಿರತ್ತಲ್ಲ, ಹಾಗೆ."

"ಕೂದ್ಲು?"

"ಕಪ್ಪು. ಬಿಸಿಲು ಬಿದ್ದ ಕಡೆ ಮಾತ್ರ ಕೆಂಚಗೆ. ಒಂದೊಂದೇ ಎಳೆ ಬಿಡಿಸ್ಕೊಂಡು ದೂರ ಹೋಗ್ತಿತ್ತು."

ಐದು ನಿಮಿಷದ ಕೂದಲನ್ನು ಅತ್ತೆ ಐದು ನಿಮಿಷವೂ ಹೇಳಿದರು. ಅಜ್ಜಿಯ ಕೈ ನೀರಿನಲ್ಲಿ ಆಡಿದ ಹಾಗೆ ಗಾಳಿಯಲ್ಲಿ ಆಡುತ್ತಿತ್ತು. ನಿದ್ದೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

"ಇಷ್ಟ್ ದಿನ ಯಾರು ಸತ್ರು, ಯಾರು ಮದ್ವೆ ಆದ್ರು ಅಂತ ಯೋಳ್ತಿದ್ದೆ ಕಣವ್ವ" ಎಂದರು ಅಜ್ಜಿ. "ಯಂಗಿತ್ತು ಅಂತ ಇವತ್ತೇ ಯೋಳಿದ್ದು. ಕಣ್ ವೋದ್ಮೇಲೆ ನಾನು ಸಿನಿಮಾ ನೋಡಿದ್ದು ಇವತ್ತೇಯ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಜ್ಜಿಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, "ಆಮೇಲೆ ಒಂದು ಒಣಗಿದ ಮರ ಬಂತು ಅಜ್ಜಿ" ಎಂದರು.